ಕಲ್ಲಿನ ಗೀರುಗಳನ್ನು ಓದಿದ ಮೇಷ್ಟ್ರು

ಕಪ್ಪು ಕಲ್ಲಿನ ಮೇಲೆ ಪೆನ್ಸಿಲ್‌ನಲ್ಲಿ ಗೀರಿದಂಥ ಗುರುತು ಗ್ರಾಪ್ಟೊಲೈಟ್. ಇದು ಅಳಿದುಹೋದ ಕಡಲಜೀವಿಗಳ ಒಟ್ಟುಮನೆ. ಗರಗಸದ ಹಲ್ಲಿನಂತೆ ಕಾಣುವ ಒಂದೊಂದು ಬಟ್ಟಲಲ್ಲೂ ಒಂದೊಂದು ಜೀವಿ. (ಹುಣಸಮಾರನಹಳ್ಳಿ ಕಡೆ ಹುಡುಕಬೇಡಿ. ಬೆಂಗಳೂರಿನ ನೈಸ್ ಬಂಡೆ ಸುಮಾರು 300 ಕೋಟಿ ವರ್ಷ ಹಳೆಯದು, ಆಗ ಇವು ಹುಟ್ಟೇ ಇರಲಿಲ್ಲ.)

1842ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದ ಚಾರ್ಲ್ಸ್ ಲ್ಯಾಪ್‌ವರ್ತ್ ಸ್ಕಾಟ್ಲೆಂಡಿನಲ್ಲಿ ಶಾಲಾ ಮೇಷ್ಟ್ರು. ಭೂವಿಜ್ಞಾನ ಬಿಡುವಿನ ಹುಚ್ಚು. ಅಲ್ಲಿನ ಬೆಟ್ಟಗಳು ಒಂದರ ಮೇಲೊಂದು ಕೂತ ಪದರಗಳ ಭಾರೀ ರಾಶಿ ಎಂದು ತಜ್ಞರು ನಂಬಿದ್ದರು. ಕೊಂಬೆ ಎಷ್ಟು, ಬಟ್ಟಲು ಒಂದೇ ಬದಿಗೋ ಎರಡೂ ಬದಿಗೋ ಎಂದು ನೋಡಿ ಇವರು ಗ್ರಾಪ್ಟೊಲೈಟ್‌ಗಳನ್ನು ವಿಂಗಡಿಸಿದರೆ, ಅವೇ ಜಾತಿಗಳು ಮತ್ತೆ ಮತ್ತೆ ಎದುರಾದವು. ಅಂದರೆ ತೆಳು ಪದರಗಳೇ ಸೀರೆಯ ನೆರಿಗೆಯಂತೆ ಮಡಚಿಕೊಂಡಿದ್ದವು! 1878ರಲ್ಲಿ ಅದನ್ನು ಪ್ರಕಟಿಸಿದರು. ಮರುವರ್ಷ ಕೇಂಬ್ರಿಯನ್, ಸೈಲೂರಿಯನ್‌ಗಳ ಗಡಿ ಜಗಳ ಬಿಡಿಸಲು ನಡುವೆ ಆರ್ಡೋವಿಶಿಯನ್ ಎಂಬ ಕಾಲವನ್ನು ಸೂಚಿಸಿದರು. 1920ರಲ್ಲಿ ತೀರಿಕೊಂಡರು, ಆ ಹೆಸರಿಗೆ ಅಂತರರಾಷ್ಟ್ರೀಯ ಒಪ್ಪಿಗೆ ಸಿಕ್ಕಿದ್ದು 1960ರಲ್ಲಿ.