ಗಣಿತಜ್ಞ ಮಹಾವೀರಾಚಾರ್ಯರು: ಸ್ಥೂಲ ಲೆಕ್ಕ, ಸೂಕ್ಷ್ಮ ಲೆಕ್ಕ

ಭಾರತೀಯ ಗಣಿತಕ್ಕೆ ಜೈನಾಚಾರ್ಯರ ಕೊಡುಗೆಯಲ್ಲಿ ಮೊದಲಿಗೆ ನೆನಪಾಗುವ ಹೆಸರು ಮಹಾವೀರಾಚಾರ್ಯರದು. ದಿಗಂಬರ ಪರಂಪರೆಯ ಇವರು 9ನೇ ಶತಮಾನದಲ್ಲಿ ಮಾನ್ಯಖೇಟದ ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಆಶ್ರಯದಲ್ಲಿದ್ದರು. ಆ ಮಾನ್ಯಖೇಟವೇ ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡ.

ಸುಮಾರು ಕ್ರಿ.ಶ. 850ರಲ್ಲಿ ಅವರು ಸಂಸ್ಕೃತದಲ್ಲಿ 'ಗಣಿತಸಾರಸಂಗ್ರಹ'ವನ್ನು ರಚಿಸಿದರು. ಭಗವಾನ್ ಮಹಾವೀರರಿಗೆ ವಂದಿಸಿ ಆರಂಭವಾಗುವ ಗ್ರಂಥದಲ್ಲಿ 9 ಅಧ್ಯಾಯಗಳಿವೆ. ವ್ಯಾಪಾರ, ವೈದ್ಯ, ಸಂಗೀತ, ವಾಸ್ತು, ಅಡುಗೆ, ಕೊನೆಗೆ ದ್ವೀಪ ಸಾಗರಗಳ ಪ್ರಮಾಣ ಎಲ್ಲಕ್ಕೂ ಗಣಿತ ಬೇಕೆಂಬುದು ಅವರ ನಿಲುವು.

ಭೂಮಿಯ ಅಳತೆ ಬರುವುದು ಕ್ಷೇತ್ರಗಣಿತದ ಅಧ್ಯಾಯದಲ್ಲಿ. ಅಲ್ಲಿ ಅವರು ವಿಸ್ತೀರ್ಣವನ್ನು ಎರಡು ಬಗೆ ಮಾಡಿದರು: ವ್ಯವಹಾರದ ಸ್ಥೂಲ ಲೆಕ್ಕ ಮತ್ತು ಸೂಕ್ಷ್ಮ ಲೆಕ್ಕ. ಎದುರುಬದುರು ಬದಿಗಳ ಮೊತ್ತದ ಅರ್ಧಗಳನ್ನು ಗುಣಿಸುವುದು ಸ್ಥೂಲ ಕ್ರಮ. ತ್ರಿಭುಜಕ್ಕೆ ನಾಲ್ಕನೇ ಬದಿ ಸೊನ್ನೆ.

13, 14, 15 ಮಾರು ಬದಿಗಳ ತ್ರಿಕೋನ ಹೊಲ ತೆಗೆದುಕೊಳ್ಳಿ. ಸ್ಥೂಲ ಕ್ರಮದಲ್ಲಿ 14ನ್ನು 7ರಿಂದ ಗುಣಿಸಿದರೆ 98 ಚದರ ಮಾರು. ಆದರೆ 14ರ ಬದಿಯನ್ನು ಪಾದ ಮಾಡಿದರೆ ನೇರ ಎತ್ತರ 12 ಮಾತ್ರ. ಪಾದದ ಅರ್ಧ 7, ಎತ್ತರ 12, ನಿಜವಾದ ವಿಸ್ತೀರ್ಣ 84. ಕೊಂಡವನಿಗೆ 14 ಚದರ ಮಾರು ನಷ್ಟ!

ಅರ್ಧ ಏಕೆ? ಅಂಥದೇ ಇನ್ನೊಂದು ತ್ರಿಭುಜವನ್ನು ತಿರುಗಿಸಿ ಜೋಡಿಸಿದರೆ ಸಮಾಂತರ ಚತುರ್ಭುಜವಾಗುತ್ತದೆ. ಅದರ ಒಂದು ತುದಿಯ ಓರೆಯನ್ನು ಕತ್ತರಿಸಿ ಇನ್ನೊಂದು ತುದಿಗಿಟ್ಟರೆ 14 ಉದ್ದ, 12 ಅಗಲದ ಆಯತ. ವಿಸ್ತೀರ್ಣ 168. ತ್ರಿಭುಜ ಅದರ ಅರ್ಧ, 84.

ಬ್ರಹ್ಮಗುಪ್ತರಂಥ ಹಿಂದಿನವರೂ ಈ ಎರಡು ಲೆಕ್ಕಗಳನ್ನು ಹೇಳಿದ್ದರು. ಆಚಾರ್ಯರು ಅದನ್ನು ಬಿಡಿಸಿ ಕಲಿಸಿದರು. ಮೇಲಿನ ಬದಿ ಮತ್ತು ಪಾದದ ಮೊತ್ತದ ಅರ್ಧವನ್ನು ಎತ್ತರದಿಂದ ಗುಣಿಸುವ ಸೂತ್ರ ಕೊಟ್ಟು, ವಿಷಮ ಚತುರ್ಭುಜಕ್ಕೆ ಇದು ಸಲ್ಲದು ಎಂದು ಎಚ್ಚರಿಸಿದರು.

11ನೇ ಶತಮಾನದಲ್ಲಿ ಪಾವುಲೂರಿ ಮಲ್ಲನ ಈ ಗ್ರಂಥವನ್ನು ತೆಲುಗಿಗೆ ತಂದನು. 1912ರಲ್ಲಿ ಎಂ. ರಂಗಾಚಾರ್ಯರ ಇಂಗ್ಲಿಷ್ ಅನುವಾದದೊಂದಿಗೆ ಮದರಾಸಿನಲ್ಲಿ ಅಚ್ಚಾಯಿತು. ಕನ್ನಡ ಅನುವಾದವೂ ಪ್ರಕಟವಾಗಿದೆ.

ಅಳತೆಯಲ್ಲಿ ಮೋಸ ಮಾಡದಿರುವುದು ಶ್ರಾವಕರ ಅಚೌರ್ಯ ವ್ರತದ ಭಾಗ. ಸರಿಯಾಗಿ ಅಳೆಯಲು ಬಂದರೆ ತಾನೇ ಆ ವ್ರತ ಪಾಲನೆ? ಮಕ್ಕಳು ಶಾಲೆಯಲ್ಲಿ ಈ ಸೂತ್ರ ಕಲಿಯುವಾಗ ಮಳಖೇಡದ ಈ ಆಚಾರ್ಯರ ಹೆಸರನ್ನೂ ಮನೆಯಲ್ಲಿ ತಿಳಿಸೋಣ.