ಕೂಸುಗಳ ಡಾಕ್ಟರಮ್ಮ ಸಿಸಿಲಿ ವಿಲಿಯಮ್ಸ್ ಅವರ ಚರಿತ್ರೆ

ಫ್ಲಾರೆನ್ಸ್ ನೈಟಿಂಗೇಲ್ ಮುಂತಾದ ಸ್ತ್ರೀರತ್ನಗಳ ಚರಿತ್ರೆಯನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರು ತರಗತಿಯಲ್ಲಿಯೇ ಓದಿ ಬಲ್ಲರು. ಈ ಸಲ ನಾವು ಆರಿಸಿಕೊಂಡಿರುವ ಡಾಕ್ಟರ್ ಸಿಸಿಲಿ ವಿಲಿಯಮ್ಸ್ ಎಂಬವರ ಹೆಸರು ಲೋಕದ ವೈದ್ಯರಿಗೂ ದಾದಿಯರಿಗೂ ಸುಪರಿಚಿತವಾದುದು. ಆದರೆ ಯಾವ ತಾಯಂದಿರಿಗಾಗಿ ಅವರು ತಮ್ಮ ಆಯುಷ್ಯವನ್ನು ಸವೆಸಿದರೋ ಆ ತಾಯಂದಿರು ಅದನ್ನು ಕೇಳಿದ್ದು ಕಡಿಮೆ. ನಮ್ಮಲ್ಲಿ ಅನೇಕರು ಈಗ ಮಕ್ಕಳೊಂದಿಗರು. ಕೆಲವರು ದಾದಿಯರು, ಉಪಾಧ್ಯಾಯಿನಿಯರು. ಆದಕಾರಣ ಈ ಚರಿತ್ರೆಯನ್ನು ತಿಳಿಯುವುದು ನಮಗೆ ಯುಕ್ತವಾಗಿದೆ.

ಸಿಸಿಲಿಯು 1893ನೆಯ ಇಸವಿ ಡಿಸೆಂಬರ್ 2ನೆಯ ತಾರೀಖಿನಲ್ಲಿ ಜಮೈಕಾ ದ್ವೀಪದಲ್ಲಿ ಜನಿಸಿದಳು. ತಂದೆಯು ಆ ದ್ವೀಪದ ವಿದ್ಯಾಶಾಖೆಯ ಅಧಿಕಾರಿಯಾಗಿದ್ದನು. ಮಗಳು ಒಂಬತ್ತು ವರುಷದವಳಾಗಿದ್ದಾಗ, ಇವಳಿಗೆ ಗಂಡು ಸಿಗುವುದು ಕಷ್ಟ, ಡಾಕ್ಟರಳಾಗುವುದೇ ಲೇಸು ಎಂದು ಆತನು ಹಾಸ್ಯವಾಗಿ ನುಡಿದನಂತೆ. ತಂದೆಗಳು ಆಡುವ ಇಂಥ ಹಾಸ್ಯವು ನಮಗೆ ಸೊಗಸುವುದಿಲ್ಲ. ಆದರೆ ಈ ಹುಡುಗಿಯು ಅದನ್ನು ಆಶೀರ್ವಾದವೆಂದೇ ಎಣಿಸಿಕೊಂಡಳು. ಹದಿಮೂರನೆಯ ವಯಸ್ಸಿನಲ್ಲಿ ಆಕೆಯನ್ನು ವಿದ್ಯಾಭ್ಯಾಸಕ್ಕಾಗಿ ಇಂಗ್ಲೆಂಡಿಗೆ ಕಳುಹಿಸಿದರು. ಹತ್ತೊಂಬತ್ತನೆಯ ವಯಸ್ಸಿನಲ್ಲಿ ಆಕ್ಸ್‌ಫರ್ಡಿನ ಸಾಮರ್ವಿಲ್ ಕಾಲೇಜಿನಲ್ಲಿ ಸ್ಥಳ ದೊರೆಯಿತು. ಅಷ್ಟರಲ್ಲಿ ಜಮೈಕಾದಲ್ಲಿ ಭೂಕಂಪಗಳಿಂದಲೂ ಬಿರುಗಾಳಿಗಳಿಂದಲೂ ಸಂಕಟವುಂಟಾದ್ದರಿಂದ ಆಕೆಯು ಓದನ್ನು ಬದಿಗಿಟ್ಟು ತಂದೆತಾಯಿಗಳ ನೆರವಿಗೆ ಹಿಂದಿರುಗಬೇಕಾಯಿತು. 1916ರಲ್ಲಿ ತಂದೆಯು ತೀರಿಕೊಂಡ ತರುವಾಯ, ಇಪ್ಪತ್ತಮೂರು ವರುಷ ತುಂಬಿದ ಮೇಲೆ, ಆಕೆಯು ಪುನಃ ಆಕ್ಸ್‌ಫರ್ಡನ್ನು ಸೇರಿದಳು. ಗಂಡಸರು ಮೊದಲನೆಯ ಮಹಾಯುದ್ಧಕ್ಕೆ ಹೋಗಿದ್ದರಿಂದ ವೈದ್ಯಶಾಸ್ತ್ರದ ತರಗತಿಗಳು ಬರಿದಾಗಿದ್ದವು. ಹೆಂಗಸರಿಗೆ ಬಾಗಿಲು ತೆರೆದದ್ದು ಆ ಕಾರಣದಿಂದ. 1923ರಲ್ಲಿ ಆಕೆಯು ಡಾಕ್ಟರಳಾದಳು. ಇದುವರೆಗೆ ಬಾಲಿಕೆಯೆಂದು ಏಕವಚನದಲ್ಲಿ ಹೇಳಿದೆವು. ಇನ್ನು ಮೇಲೆ ಬಹುವಚನವೇ ಸಲ್ಲತಕ್ಕದ್ದು.

ಲಂಡನ್ನಿನ ಹ್ಯಾಕ್ನಿ ಎಂಬ ಬಡ ಕೇರಿಯ ಮಕ್ಕಳ ಆಸ್ಪತ್ರೆಯಲ್ಲಿ ಡಾಕ್ಟರ್ ವಿಲಿಯಮ್ಸ್ ಅವರು ಕೆಲಸಮಾಡುತ್ತಿದ್ದಾಗ, ಮಗುವಿನ ಮನೆಯನ್ನೂ ಅಲ್ಲಿನ ಅನ್ನಬಟ್ಟೆಗಳನ್ನೂ ಅರಿಯದೆ ಮಗುವಿನ ರೋಗವನ್ನು ಅರಿಯುವುದು ಅಸಾಧ್ಯವೆಂಬುದು ಅವರಿಗೆ ದೃಢವಾಯಿತು. ಅವರು ಉಷ್ಣದೇಶಗಳ ರೋಗಗಳ ವಿಷಯವನ್ನು ವ್ಯಾಸಂಗಮಾಡಿ, 1929ರಲ್ಲಿ ಆಫ್ರಿಕಾ ಖಂಡದ ಪಶ್ಚಿಮತೀರದ ಗೋಲ್ಡ್ ಕೋಸ್ಟ್ ಸೀಮೆಗೆ ಸರಕಾರದ ವೈದ್ಯೆಯಾಗಿ ಹೋದರು. ಆ ಸೀಮೆಯೇ ಈಗಿನ ಘಾನಾ ದೇಶವು.

ಅಲ್ಲಿನ ಆಕ್ರಾ ಪಟ್ಟಣದ ಪ್ರಿನ್ಸೆಸ್ ಮೇರಿ ಲೂಯಿಸ್ ಆಸ್ಪತ್ರೆಯಲ್ಲಿ ಅವರು ಒಂದು ವಿಚಿತ್ರವಾದ ರೋಗವನ್ನು ಕಂಡರು. ಹೆಚ್ಚಾಗಿ ಒಂದರಿಂದ ನಾಲ್ಕು ವರುಷದೊಳಗಿನ ಮಕ್ಕಳಿಗೆ ಅದು ಬರುತ್ತಿತ್ತು. ಪಾದಗಳೂ ಕೈಗಳೂ ಬಾತುಕೊಳ್ಳುವವು. ಕೂದಲು ಕೆಂಬಣ್ಣಕ್ಕೆ ತಿರುಗಿ ತೆಳುವಾಗುವುದು. ಚರ್ಮವು ಕಪ್ಪು ಮಚ್ಚೆಗಳಾಗಿ ಹಳೆಯ ಬಣ್ಣದಂತೆ ಸುಲಿಯುವುದು. ಮಗು ನಗುವುದನ್ನೇ ಮರೆತು, ಯಾರು ಮುಟ್ಟಿದರೂ ನರಳುವುದು. ಬಾವಿನ ದೆಸೆಯಿಂದ ಕೆನ್ನೆಗಳು ತುಂಬಿಕೊಂಡಂತೆ ತೋರುವುದರಿಂದ ಅನ್ನವಿಲ್ಲದೆ ಸಾಯುತ್ತಿರುವ ಕೂಸು ಪುಷ್ಟವಾಗಿದೆಯೆಂದು ನೋಡುವವರು ಮೋಸಹೋಗುವರು. ಚಿಕಿತ್ಸೆಯಿಲ್ಲದಿದ್ದರೆ ಇಂಥ ಮಕ್ಕಳು ಬಹುಮಟ್ಟಿಗೆ ಸಾಯುತ್ತಿದ್ದವು. ಡಾಕ್ಟರ್ ವಿಲಿಯಮ್ಸ್ ಅವರು ಸತ್ತ ಮಕ್ಕಳ ಶವಪರೀಕ್ಷೆಯನ್ನು ತಾವೇ ಮಾಡಿದಾಗ, ಪಿತ್ತಜನಕಾಂಗವು ಕೊಬ್ಬಿನಿಂದ ತುಂಬಿದ್ದುದು ಕಂಡುಬಂತು.

ಈ ರೋಗಕ್ಕೆ ಪುಸ್ತಕಗಳಲ್ಲಿ ಹೆಸರು ಸಿಕ್ಕಲಿಲ್ಲ. ಆಗ ಅವರು ಮಾಡಿದ ಕೆಲಸವು ಸಾಧಾರಣವೆಂದು ತೋರೀತು. ಆದರೆ ಅವರ ಸರೀಕರಲ್ಲಿ ಎಷ್ಟೋ ಮಂದಿಗೆ ಅದು ತೋಚಲಿಲ್ಲ. ಆ ಊರಿನ ಹೆಂಗಸರು ಇದನ್ನು ಏನೆಂದು ಕರೆಯುತ್ತಾರೆಂದು ಅವರು ಕೇಳಿದರು. ಗಾ ಎಂಬ ಅಲ್ಲಿನ ಭಾಷೆಯಲ್ಲಿ ಅದಕ್ಕೆ ಕ್ವಾಶಿಯೋರ್ಕರ್ ಎಂದು ಹೆಸರು. ಮುಂದಿನ ಕೂಸು ಹುಟ್ಟಿದಾಗ ತನ್ನ ಸ್ಥಾನವನ್ನು ಕಳೆದುಕೊಂಡ ಮಗುವಿಗೆ ಬರುವ ಕಾಯಿಲೆಯೆಂಬುದು ಅದರ ಭಾವ. ರೋಗದ ಕಾರಣವು ಆ ಹೆಸರಿನಲ್ಲಿಯೇ ಅಡಗಿತ್ತು! ತಾಯಿಯು ಮತ್ತೆ ಗರ್ಭಿಣಿಯಾದಾಗ ದೊಡ್ಡ ಮಗುವಿಗೆ ಮೊಲೆ ಬಿಡಿಸುವರು. ಎದೆಹಾಲಿಗೆ ಬದಲಾಗಿ ಹುಳಿಬರಿಸಿದ ಮೆಕ್ಕೆಜೋಳದ ಗಂಜಿಯನ್ನೂ ಮುದ್ದೆಯನ್ನೂ ಕೊಡುವರು. ಹೊಟ್ಟೆಯೇನೋ ತುಂಬುವುದು, ಮೈ ಬೆಳೆಯಲು ಬೇಕಾದ ಸಾರವು ಅದರಲ್ಲಿಲ್ಲ. ಇಸಾಕನಿಗೆ ಮೊಲೆ ಬಿಡಿಸಿದ ದಿನ ಅಬ್ರಹಾಮನು ದೊಡ್ಡ ಔತಣವನ್ನು ಮಾಡಿಸಿದನೆಂದು ನಾವು ಆದಿತ್ಯವಾರದ ಶಾಲೆಯಲ್ಲಿ ಕಲಿತಿದ್ದೇವೆ. ಆಕ್ರಾದ ಬಡ ಕೂಸಿಗಾದರೋ ಅದೇ ದಿನ ಔತಣವು ಮುಗಿಯುತ್ತಿತ್ತು. ಅದರ ಮೇಲೆ, ಇಷ್ಟು ದಿನ ಹಗಲಿರುಳು ತಾಯಿಯ ಬೆನ್ನಿನ ಮೇಲಿದ್ದ ಮಗುವು ಆ ಬೆನ್ನನ್ನೂ ಕಳೆದುಕೊಳ್ಳುತ್ತಿತ್ತು.

ಹಾಲನ್ನೂ ಕಾಡ್ ಮೀನಿನ ಎಣ್ಣೆಯನ್ನೂ ಕೊಟ್ಟು ಅವರು ಕೆಲವು ಮಕ್ಕಳನ್ನು ಉಳಿಸಿದರು. 1933ರಲ್ಲಿ ಈ ವಿಷಯವಾಗಿ ಒಂದು ವೈದ್ಯಪತ್ರಿಕೆಗೆ ಲೇಖನ ಬರೆದರು. 1935ರಲ್ಲಿ ಲ್ಯಾನ್ಸೆಟ್ ಎಂಬ ಪ್ರಸಿದ್ಧ ಪತ್ರಿಕೆಯಲ್ಲಿ ಕ್ವಾಶಿಯೋರ್ಕರ್ ಎಂಬ ಆ ಆಫ್ರಿಕದ ಹೆಸರಿನಿಂದಲೇ ಇನ್ನೊಂದು ಲೇಖನವು ಪ್ರಕಟವಾಯಿತು. ಆಫ್ರಿಕದ ರೋಗಗಳಲ್ಲಿ ಪಂಡಿತನೆನಿಸಿದ್ದ ಡಾಕ್ಟರ್ ಸ್ಟಾನಸ್ ಎಂಬಾತನು ಇದು ಹೊಸ ರೋಗವಲ್ಲ, ಮೆಕ್ಕೆಜೋಳ ತಿನ್ನುವವರಿಗೆ ಬರುವ ಪೆಲಾಗ್ರವೇ ಎಂದು ವಾದಿಸಿದನು. ಹಿರಿಯ ಪಂಡಿತನ ಮಾತನ್ನು ನಂಬಿದವರು ಬಹುಮಂದಿ. ಪೆಲಾಗ್ರದ ಗಾಯಗಳು ಬಿಸಿಲು ತಾಗುವ ಕಡೆಗಳಲ್ಲಿ ಆಗುವವು. ಈ ಮಕ್ಕಳ ಮಚ್ಚೆಗಳು ಹಾಗಿರಲಿಲ್ಲವೆಂದು ಕಣ್ಣಾರೆ ಕಂಡವರ ಮಾತು ಬಹುಕಾಲ ನಡೆಯಲಿಲ್ಲ.

ಮದ್ದು ಕೊಟ್ಟು ಕಳುಹಿಸಿದ ಮಗು ಅದೇ ಗಂಜಿಯ ಮನೆಗೆ ಹಿಂದಿರುಗಿ ಅದೇ ಬಾವಿನೊಂದಿಗೆ ಮತ್ತೆ ಬರುವುದನ್ನು ಅವರು ಸಹಿಸಲಾರದಾದರು. ರೋಗಿಯಾದ ಮಗುವಿನೊಂದಿಗೆ ತಾಯಿಯನ್ನೂ ಆಸ್ಪತ್ರೆಯಲ್ಲಿರಿಸಿಕೊಂಡು ಉಣಿಸುವ ಕ್ರಮವನ್ನು ಕಲಿಸಿದರು. ಪ್ರತಿ ಮಗುವಿಗೂ ಒಂದು ಕಾರ್ಡು ಬರೆಯಿಸಿದರು. ಸೌಖ್ಯವಾಗಿರುವ ಕೂಸುಗಳನ್ನೂ ಕರೆತರಿಸಿ ನೋಡಿದರು. ದಾದಿಯರನ್ನು ಮನೆಮನೆಗೆ ಕಳುಹಿಸಿದರು. ವಾಸಿಮಾಡುವ ವೈದ್ಯವೂ ರೋಗ ಬಾರದಂತೆ ತಡೆಯುವ ವೈದ್ಯವೂ ಬೇರೆ ಬೇರೆ ಕಚೇರಿಗಳಿಗೆ ಸೇರಿದವೆಂಬುದು ಅಂದಿನ ಸರಕಾರದ ಪದ್ಧತಿ. ಈ ಎರಡನ್ನೂ ಒಬ್ಬಳೇ ಮಾಡಬೇಕೆಂದ ವೈದ್ಯೆಗೆ ಮೇಲಧಿಕಾರಿಗಳೊಂದಿಗೆ ವಿವಾದವುಂಟಾಯಿತು. 1936ರಲ್ಲಿ ಅವರನ್ನು ಅಲ್ಲಿಂದ ಎಬ್ಬಿಸಿ ದೂರದ ಮಲಯ ದೇಶಕ್ಕೆ ವರ್ಗಮಾಡಿದರು. ಏಳು ವರುಷಗಳ ಕೆಲಸಕ್ಕೆ ಸಿಕ್ಕಿದ ಸಂಬಳವು ಇದು.

ಸಿಂಗಪುರದಲ್ಲಿ ಅವರು ಕಂಡದ್ದು ಇನ್ನೊಂದು ಬಗೆಯ ಸಾವು. ಸಕ್ಕರೆ ಬೆರೆಸಿ ಮಂದಮಾಡಿದ ಡಬ್ಬಿಹಾಲನ್ನು ಮಾರುವ ಕಂಪೆನಿಗಳು ದಾದಿಯರ ವೇಷ ಹಾಕಿದ ಹುಡುಗಿಯರನ್ನು ಬಾಣಂತಿಯರ ಮನೆಗಳಿಗೆ ಕಳುಹಿಸುತ್ತಿದ್ದವು. ತಾಯಿಯ ಹಾಲಿಗಿಂತ ಇದೇ ಉತ್ತಮವೆಂದು ಅವರು ಬೋಧಿಸುವರು. ಬಡ ತಾಯಿ ಎದೆಹಾಲನ್ನು ಬತ್ತಿಸಿಕೊಂಡು, ಕೊಳಕು ನೀರಿನಲ್ಲಿ ಡಬ್ಬಿಹಾಲನ್ನು ತೆಳ್ಳಗೆ ಕದಡಿ ಕುಡಿಸುವಳು. ಕೂಸು ಭೇದಿಯಿಂದಲೋ ಸೊರಗಿನಿಂದಲೋ ಸಾಯುವುದು. ಕೆನೆ ತೆಗೆದ ಇಂಥ ಹಾಲು ಶಿಶುಗಳಿಗೆ ಯೋಗ್ಯವಲ್ಲವೆಂದು ಬ್ರಿಟನ್ನಿನಲ್ಲಿ ಡಬ್ಬಿಯ ಮೇಲೆಯೇ ಅಚ್ಚುಹಾಕಬೇಕಾಗಿತ್ತು! 1939ರಲ್ಲಿ ಡಾಕ್ಟರ್ ವಿಲಿಯಮ್ಸ್ ಅವರು ಸಿಂಗಪುರದ ರೋಟರಿ ಸಂಘದ ದೊಡ್ಡ ಮನುಷ್ಯರ ಮುಂದೆ ನಿಂತು ಉಪನ್ಯಾಸಮಾಡಿದರು. ಅದಕ್ಕೆ ಹಾಲು ಮತ್ತು ಕೊಲೆ ಎಂದು ಶಿರೋನಾಮವನ್ನಿಟ್ಟು, ಇಂಥ ಪ್ರಚಾರದಿಂದಾಗುವ ಶಿಶುಮರಣಗಳನ್ನು ಕೊಲೆಯೆಂದೇ ಎಣಿಸತಕ್ಕದ್ದೆಂದು ಹೇಳಿದರು. ವ್ಯಾಪಾರಿಗಳಿಗೂ ಅಧಿಕಾರಿಗಳಿಗೂ ಮೆಚ್ಚುಗೆಯಾಗುವಂತೆ ಮಾತಾಡುವ ಕಲೆಯನ್ನು ಅವರು ಕಲಿಯಲೇ ಇಲ್ಲ. ನಮಗೆ ಅದೇ ಹಿತವಾಗಿ ತೋರುತ್ತದೆ. ಈ ವಿಷಯದಲ್ಲಿ ಲೋಕಕ್ಕೆ ಎಚ್ಚರವಾಗಲು ನಲವತ್ತೆರಡು ವರುಷ ಹಿಡಿಯಿತು. 1981ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಶಿಶು ಆಹಾರದ ಮಾರಾಟಕ್ಕೆ ನಿಯಮಗಳನ್ನು ವಿಧಿಸಿತು. ನಮ್ಮ ದೇಶದಲ್ಲಿ 1992ರಲ್ಲಿ ಕಾಯಿದೆಯಾಯಿತು.

1941ರ ಅಂತ್ಯದಲ್ಲಿ ಜಪಾನೀಯರು ಮಲಯದ ಮೇಲೆ ದಂಡೆತ್ತಿ ಬಂದರು. ಡಾಕ್ಟರ್ ವಿಲಿಯಮ್ಸ್ ಅವರು ಆಗ ಟ್ರೆಂಗಾನು ಪ್ರಾಂತದಲ್ಲಿದ್ದರು. ಬಹು ಕಷ್ಟದಿಂದ ಸಿಂಗಪುರವನ್ನು ಸೇರಿದರೂ 1942ರಲ್ಲಿ ಆ ಪಟ್ಟಣವೂ ಬಿದ್ದು, ಅವರು ಚಾಂಗಿ ಸೆರೆಮನೆಯ ಬಂದಿಯಾದರು. ಅಲ್ಲಿನ ಹೆಂಗಸರ ಶಿಬಿರಕ್ಕೆ ಮುಖ್ಯಳಾಗಿ ಅವರನ್ನು ಬಂದಿಗಳೇ ಆರಿಸಿದರು. 1943ರಲ್ಲಿ ಜಪಾನೀ ಸೈನಿಕ ಪೊಲೀಸರು ಅವರನ್ನು ವಿಚಾರಣೆಗೆಂದು ಒಯ್ದು, ಸಾಯುವ ಸ್ಥಿತಿಯಲ್ಲಿದ್ದ ಗಂಡಸರೊಂದಿಗೆ ಒಂದೇ ಗೂಡಿನಲ್ಲಿ ತಿಂಗಳುಗಟ್ಟಲೆ ಇಟ್ಟರು. ಅನ್ನದ ಕೊರತೆಯಿಂದ ಬರುವ ಬೆರಿಬೆರಿ ರೋಗವು ಅವರ ಕಾಲುಗಳ ಶಕ್ತಿಯನ್ನೇ ಕುಂದಿಸಿತು. ಆ ಸೆರೆಯಲ್ಲಿ ಇಪ್ಪತ್ತು ಕೂಸುಗಳು ಹುಟ್ಟಿದವು, ಇಪ್ಪತ್ತಕ್ಕೂ ತಾಯಂದಿರೇ ಹಾಲೂಡಿದರು, ಇಪ್ಪತ್ತೂ ಬದುಕಿದವು. ಅರೆಹೊಟ್ಟೆಯ ತಾಯಂದಿರ ಎದೆಯಲ್ಲಿ ದೇವರು ಇಟ್ಟಿರುವ ಈ ಸಂಪತ್ತಿಗೆ ಇದಕ್ಕಿಂತ ದೊಡ್ಡ ಸಾಕ್ಷಿ ನಮಗೆ ಬೇರೆ ತಿಳಿಯದು.

ಬಿಡುಗಡೆಯಾದಾಗ ಮರಣದ ಬಾಗಿಲಲ್ಲಿದ್ದವರು ಚೇತರಿಸಿಕೊಂಡು, 1948ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ತಾಯಿಮಕ್ಕಳ ವಿಭಾಗಕ್ಕೆ ಪ್ರಥಮ ಮುಖ್ಯಾಧಿಕಾರಿಯಾದರು. ಆ ಸಂಸ್ಥೆಯು ಆಫ್ರಿಕದ ಹತ್ತು ಸೀಮೆಗಳಲ್ಲಿ ವಿಚಾರಣೆ ನಡೆಯಿಸಿತು. ಕ್ವಾಶಿಯೋರ್ಕರ್ ಎಲ್ಲೆಡೆಯೂ ಇದೆಯೆಂದು 1952ರಲ್ಲಿ ವರದಿಯಾಯಿತು. ಆ ಮೇಲೆ ಸ್ಟಾನಸನ ವಾದವನ್ನು ಎತ್ತುವವರಿಲ್ಲವಾದರು.

ಇಲ್ಲಿ ಸ್ವಲ್ಪ ನಿಂತು, ಇಂಥ ಮಕ್ಕಳನ್ನು ಉಳಿಸುವ ವಿಧಾನವು ಹೇಗೆ ಬೆಳೆಯಿತೆಂದು ಹೇಳುವುದು ಅವಶ್ಯ. ಬರಿಯ ಸಾರವುಳ್ಳ ಆಹಾರವನ್ನು ಸುರಿದರೆ ಮಗು ಉಳಿಯುವುದಿಲ್ಲವೆಂಬುದು ಕಾಲಕ್ರಮದಲ್ಲಿ ಗೊತ್ತಾಯಿತು. ತೀರ ಬಡಕಲಾದ ಮಗುವಿನ ಹೃದಯವೂ ಕರುಳೂ ಆ ಭಾರವನ್ನು ತಾಳಲಾರವು. ಆದುದರಿಂದ ಮೊದಲು ಬೆಚ್ಚಗಿಡಬೇಕು. ರಾತ್ರಿಯೂ ತಪ್ಪದೆ ಎರಡೆರಡು ಗಂಟೆಗೊಮ್ಮೆ ತೆಳುವಾದ ಹಾಲನ್ನು ಸ್ವಲ್ಪಸ್ವಲ್ಪವಾಗಿ ಕುಡಿಸಬೇಕು. ಜ್ವರ ಕಾಣಿಸದಿದ್ದರೂ ಒಳಗೆ ಅಡಗಿರುವ ಸೋಂಕಿಗೆ ಔಷಧ ಕೊಡಬೇಕು. ಕಬ್ಬಿಣದ ಮದ್ದನ್ನು ಮೊದಲ ವಾರದಲ್ಲಿ ಕೊಡಕೂಡದು. ಬಾವು ಇಳಿದು ಹಸಿವು ಹಿಂದಿರುಗಿದ ಮೇಲೆಯೇ ಪುಷ್ಟಿಯಾದ ಆಹಾರ. ಈ ಕ್ರಮವನ್ನರಿಯದ ಆಸ್ಪತ್ರೆಗಳಲ್ಲಿ ಬಹುಕಾಲ ನೂರಕ್ಕೆ 20ರಿಂದ 30 ಮಕ್ಕಳು ಸಾಯುತ್ತಿದ್ದರು; ಅರಿತು ನಡೆದ ಕಡೆಗಳಲ್ಲಿ ಆ ಸಂಖ್ಯೆಯು ಬಹಳ ಇಳಿಯಿತು. 1996ರಲ್ಲಿ ಫ್ರಾನ್ಸ್ ದೇಶದಲ್ಲಿ ನೆಲಗಡಲೆ, ಹಾಲಿನ ಪುಡಿ, ಸಕ್ಕರೆ, ಎಣ್ಣೆಗಳಿಂದ ಒಂದು ಬಗೆಯ ಲೇಹ್ಯವನ್ನು ಮಾಡಿದರು. ಬೇರೆ ತೊಡಕಿಲ್ಲದೆ ಹಸಿವುಳ್ಳ ಮಗುವಿಗೆ ಇದನ್ನು ಮನೆಯಲ್ಲಿಯೇ ತಿನ್ನಿಸಬಹುದು. ಆರು ತಿಂಗಳಿಂದ ಐದು ವರುಷದೊಳಗಿನ ಮಗುವಿನ ತೋಳಿನ ನಡುವಣ ಸುತ್ತಳತೆ 11.5 ಸೆಂಟಿಮೀಟರಿಗಿಂತ ಕಡಿಮೆಯಿದ್ದರೆ, ಇಲ್ಲವೆ ಎರಡೂ ಪಾದಗಳು ಬಾತು ಬೆರಳೊತ್ತಿದಾಗ ಕುಳಿ ಬಿದ್ದರೆ, ತಡಮಾಡದೆ ವೈದ್ಯರಿಗೆ ತೋರಿಸತಕ್ಕದ್ದು. ದೃಷ್ಟಿಯಾಯಿತೆಂದು ತಾಯಿತ ಕಟ್ಟಿ ಕಾಯುವುದರಲ್ಲಿ ಹೋದ ದಿನಗಳು ಮರಳಿ ಬಾರವು. ಒಂದೇ ಗಂಜಿಯನ್ನುಂಡ ಇಬ್ಬರು ಮಕ್ಕಳಲ್ಲಿ ಒಬ್ಬನು ಬಾತುಕೊಳ್ಳುವುದೂ ಇನ್ನೊಬ್ಬನು ಒಣಗುವುದೂ ಏತಕ್ಕೆಂದು ಪಂಡಿತರು ಇಂದಿಗೂ ಚರ್ಚಿಸುತ್ತಿದ್ದಾರೆ.

ತಡೆಯುವ ಕೆಲಸವಾದರೋ ಅಡಿಗೆಮನೆಯಲ್ಲಿದೆ. ಆರು ತಿಂಗಳ ಪರ್ಯಂತ ಎದೆಹಾಲು ಮಾತ್ರ. ತರುವಾಯ ಎದೆಹಾಲಿನೊಂದಿಗೆ ನಮ್ಮ ರಾಗಿ ಸರಿ, ಬೇಳೆ ಬೆರೆಸಿದ ಮೆತ್ತನೆಯ ಅನ್ನ, ಮೊಟ್ಟೆ, ಸೊಪ್ಪು, ಹಣ್ಣು. ಎರಡು ವರುಷ ತುಂಬುವವರೆಗೂ ಮೊಲೆ ಬಿಡಿಸದಿರುವುದೇ ಉತ್ತಮ. ಮಕ್ಕಳ ನಡುವೆ ಸಾಕಷ್ಟು ಅಂತರವಿದ್ದರೆ ದೊಡ್ಡದು ತನ್ನ ಸ್ಥಾನವನ್ನು ಬೇಗನೆ ಕಳೆದುಕೊಳ್ಳುವುದಿಲ್ಲ. 1975ರಲ್ಲಿ ನಮ್ಮ ದೇಶದಲ್ಲಿ ಅಂಗನವಾಡಿಗಳ ಯೋಜನೆಯು ಪ್ರಾರಂಭವಾದಾಗ, ಮೊದಲು ಆರಿಸಿದ ಸ್ಥಳಗಳಲ್ಲಿ ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರವೂ ಒಂದಾಗಿತ್ತು. ಕೂಸನ್ನು ತೂಗುವುದು, ಚೀಟಿಯಲ್ಲಿ ಬರೆಯುವುದು, ತಾಯಿಗೆ ತಿಳಿಹೇಳುವುದು ಎಂಬ ಅಲ್ಲಿನ ಕೆಲಸವನ್ನು ಕಂಡಾಗ ಆಕ್ರಾದ ಆಸ್ಪತ್ರೆಯ ನೆನಪು ನಮಗೆ ಆಗದಿರದು.

ಡಾಕ್ಟರ್ ವಿಲಿಯಮ್ಸ್ ಅವರು ಮುಂದೆ ಜಮೈಕಾದಲ್ಲಿಯೂ ಲಂಡನ್ನಿನಲ್ಲಿಯೂ ಕೆಲಸಮಾಡಿ, 1960ರಿಂದ 1964ರವರೆಗೆ ಬೇರೂತಿನ ವಿಶ್ವವಿದ್ಯಾನಿಲಯದಲ್ಲಿ ಪ್ರಾಧ್ಯಾಪಕರಾಗಿದ್ದರು. ಅವರು ಮದುವೆಯಾಗಲಿಲ್ಲ. ಮುದುಕಿಯಾದ ಮೇಲೂ ದೇಶದೇಶಗಳಿಗೆ ಹೋಗಿ ಉಪದೇಶಮಾಡುತ್ತಿದ್ದರು. 1992ನೆಯ ಇಸವಿ ಜುಲೈ 13ರಂದು ತೊಂಬತ್ತೆಂಟು ವರುಷದವರಾಗಿ ಆಕ್ಸ್‌ಫರ್ಡಿನಲ್ಲಿ ನಿದ್ರೆಹೋದರು. ಆಕ್ರಾದಲ್ಲಿ ಅವರು ಕೆಲಸಮಾಡಿದ ಆಸ್ಪತ್ರೆಯು ಇಂದಿಗೂ ಮಕ್ಕಳ ಆಸ್ಪತ್ರೆಯಾಗಿಯೇ ನಡೆಯುತ್ತಿದೆ.