ಕಲಿಯುವವರಿಗಾಗಿ ವಿಮಾನ ಕಟ್ಟಿದ ಡಾ. ಘಾಟಗೆ

ಯಂತ್ರಬಲದಿಂದ ಹಾರುವ ವಿಮಾನಕ್ಕೆ ಮೊದಲ ನರಬಲಿ ಸಂದದ್ದು ೧೯೦೮ರ ಸೆಪ್ಟೆಂಬರ್ ೧೭ರಂದು. ಅಮೆರಿಕದ ಫೋರ್ಟ್ ಮೈಯರ್ ಮೈದಾನದಲ್ಲಿ ಆರ್ವಿಲ್ ರೈಟ್ ನಡೆಸುತ್ತಿದ್ದ ವಿಮಾನದ ಪ್ರೊಪೆಲರೊಂದು ಸೀಳಿ, ಪುಚ್ಛವನ್ನು ಬಿಗಿದಿದ್ದ ತಂತಿಗೆ ತಗುಲಿತು. ವಿಮಾನ ತಲೆಕೆಳಗಾಗಿ ನೆಲಕ್ಕೆ ಕುಸಿಯಿತು. ರೈಟ್ ತೀವ್ರವಾಗಿ ಗಾಯಗೊಂಡರು. ಜೊತೆಯಲ್ಲಿ ಕುಳಿತಿದ್ದ ತರುಣ ಸೈನ್ಯಾಧಿಕಾರಿ ಥಾಮಸ್ ಸೆಲ್ಫ್ರಿಜ್ ಆ ದಿನವೇ ಅಸುನೀಗಿದರು. ಇದಾಗಿ ಐದು ವಾರ ಕಳೆದ ಮೇಲೆ, ಅಕ್ಟೋಬರ್ ೨೪ರಂದು, ಕೊಲ್ಹಾಪುರ ಸೀಮೆಯ ಗಡಹಿಂಗ್ಲಜದ ಬಳಿಯ ಒಂದು ಹಳ್ಳಿಯಲ್ಲಿ ವಿಷ್ಣು ಮಾಧವ ಘಾಟಗೆ ಹುಟ್ಟಿದರು. ಕನ್ನಡ ಮರಾಠಿಗಳೆರಡೂ ಕಿವಿಗೆ ಬೀಳುವ ಗಡಿಸೀಮೆ ಅದು. ಭಾರತದಲ್ಲಿ ರೂಪುಗೊಂಡು ಭಾರತದಲ್ಲೇ ನಿರ್ಮಾಣವಾದ ಮೊದಲ ಎಂಜಿನು ವಿಮಾನಕ್ಕೆ ಈ ಶಿಶುವೇ ಮುಂದೆ ಶಿಲ್ಪಿಯಾಗಬೇಕಾಗಿತ್ತು.

ಮುಂಬಯಿಯಲ್ಲಿ ವಿಜ್ಞಾನದ ವ್ಯಾಸಂಗವನ್ನು ಮುಗಿಸಿದ ಘಾಟಗೆಯವರು ಜರ್ಮನಿಯ ಗೊಟ್ಟಿಂಗನ್ ವಿಶ್ವವಿದ್ಯಾಲಯಕ್ಕೆ ತೆರಳಿದರು. ಅಲ್ಲಿ ಲುಡ್ವಿಗ್ ಪ್ರಾಂಟ್ಲ್ ಎಂಬ ಆಚಾರ್ಯರ ಶಿಷ್ಯರಾಗಿ ಡಾಕ್ಟರೇಟ್ ಪಡೆದರು. ಪ್ರಾಂಟ್ಲ್ ಅವರು ೧೯೦೪ರಲ್ಲಿ ಮಂಡಿಸಿದ ಒಂದು ತತ್ತ್ವವನ್ನು ಇಲ್ಲಿ ತುಸು ವಿವರಿಸಬೇಕು; ಏಕೆಂದರೆ ಸಣ್ಣ ವಿಮಾನಗಳ ಅನೇಕ ಅಪಘಾತಗಳ ಮರ್ಮ ಅದರಲ್ಲಿಯೇ ಅಡಗಿದೆ. ರೆಕ್ಕೆಯ ಮೈಗೆ ಅಂಟಿಕೊಂಡಂತೆ ಗಾಳಿಯ ಒಂದು ಬಹು ತೆಳುವಾದ ಪದರವಿರುತ್ತದೆ. ಈ ಎಲ್ಲೆಪದರವು ರೆಕ್ಕೆಯನ್ನು ಸವರಿಕೊಂಡು ಹರಿಯುವವರೆಗೆ ವಿಮಾನಕ್ಕೆ ಎತ್ತುಬಲವುಂಟು. ಚಾಲಕನು ಮೂತಿಯನ್ನು ಅತಿಯಾಗಿ ಮೇಲೆತ್ತಿ, ರೆಕ್ಕೆಯು ಎದುರುಗಾಳಿಗೆ ಸುಮಾರು ಹದಿನೈದು ಡಿಗ್ರಿಗಿಂತ ಹೆಚ್ಚು ಓರೆಯಾಯಿತೆಂದರೆ, ಪದರವು ಮೈಬಿಟ್ಟು ಚದರುತ್ತದೆ. ಆಗ ಎಂಜಿನು ಎಷ್ಟೇ ಚೆನ್ನಾಗಿ ನಡೆಯುತ್ತಿರಲಿ, ರೆಕ್ಕೆ ಸೋಲುತ್ತದೆ. ಒಂದು ರೆಕ್ಕೆ ಇನ್ನೊಂದಕ್ಕಿಂತ ಮೊದಲು ಸೋತರೆ ವಿಮಾನವು ಬುಗುರಿಯಂತೆ ಸುತ್ತುತ್ತ ಇಳಿಯತೊಡಗುತ್ತದೆ. ರೆಕ್ಕೆಯ ಸೋಲಿಗೆ ಸ್ಟಾಲ್ ಎಂದೂ ಆ ಸುತ್ತುಬೀಳಿಗೆ ಸ್ಪಿನ್ ಎಂದೂ ಹೆಸರು.

ರಾಮಗಿರಿಯ ಬೆಟ್ಟದ ನೆತ್ತಿಯಲ್ಲಿ ಗಾಳಿಗೆ ಎದೆಗೊಟ್ಟು ತೇಲುವ ಗರುಡನಿಗೂ ಈ ಅಪಾಯ ತಪ್ಪಿದ್ದಲ್ಲ. ಆದರೆ ವೇಗ ಕುಗ್ಗಿದೊಡನೆ ಅದು ರೆಕ್ಕೆಯ ಮುಂದುಗಡೆಯ ಕಿರುಗರಿಗಳನ್ನು ಎತ್ತಿ, ಚದರಲಿರುವ ಗಾಳಿಯನ್ನು ಮತ್ತೆ ರೆಕ್ಕೆಗೆ ಹೊಂದಿಸಿಕೊಳ್ಳುತ್ತದೆ. ಹಕ್ಕಿಗೆ ಇದು ಹುಟ್ಟುಗುಣ. ಮನುಷ್ಯನಿಗೆ ಇದು ಕಲಿತು ಬರಬೇಕಾದ ವಿದ್ಯೆ. ಕಲಿಯುವವನು ತಪ್ಪುವುದು ಸಹಜ. ಪಾಠಶಾಲೆಯಲ್ಲಿ ತಪ್ಪಿದವನು ಬರೆದದ್ದನ್ನು ಅಳಿಸಿ ಬರೆಯುತ್ತಾನೆ. ಆಕಾಶದಲ್ಲಿ ತಪ್ಪಿದವನಿಗೆ ಅಷ್ಟು ಅವಕಾಶವನ್ನು ಕೊಡಬೇಕಾದವನು ವಿಮಾನವನ್ನು ರೂಪಿಸಿದ ಶಿಲ್ಪಿ. ಘಾಟಗೆಯವರ ಮುಂದಿನ ಬಾಳು ಬಹುಪಾಲು ಈ ಋಣವನ್ನು ತೀರಿಸುವುದರಲ್ಲಿಯೇ ಸಂದಿತು.

೧೯೪೦ರ ಡಿಸೆಂಬರಿನಲ್ಲಿ ವಾಲಚಂದ್ ಹೀರಾಚಂದರ ಸಾಹಸದಿಂದಲೂ ಮೈಸೂರು ಸಂಸ್ಥಾನದ ನೆರವಿನಿಂದಲೂ ಬೆಂಗಳೂರಿನಲ್ಲಿ ಹಿಂದುಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ ತಲೆಯೆತ್ತಿತು. ಅದರ ಆರಂಭದ ಎಂಜಿನಿಯರುಗಳಲ್ಲಿ ಘಾಟಗೆಯವರೂ ಒಬ್ಬರು. ಮಹಾಯುದ್ಧದ ಆ ದಿನಗಳಲ್ಲಿ ಅವರು ಎಂಜಿನಿಲ್ಲದೆ ಹಾರುವ ಒಂದು ಗ್ಲೈಡರನ್ನು ರೂಪಿಸಿದರು. ೧೯೪೨ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ ವಿಮಾನಶಾಸ್ತ್ರದ ವಿಭಾಗ ಪ್ರಾರಂಭವಾದಾಗ, ಗೊಟ್ಟಿಂಗನ್ನಿನಲ್ಲಿ ಕಲಿತದ್ದನ್ನು ನಮ್ಮ ತರುಣರಿಗೆ ಧಾರೆಯೆರೆದರು. ಸ್ವಾತಂತ್ರ್ಯ ಬಂದ ಮರುವರ್ಷ, ೧೯೪೮ರಲ್ಲಿ, ಕಾರ್ಖಾನೆಗೆ ಹಿಂದಿರುಗಿ ಭಾರತದ್ದೇ ಆದ ತರಬೇತಿ ವಿಮಾನದ ಕೆಲಸವನ್ನು ಕೈಗೆತ್ತಿಕೊಂಡರು.

ಆ ವಿಮಾನವೇ ಎಚ್‌ಟಿ-೨. ೧೯೫೧ರ ಆಗಸ್ಟಿನಲ್ಲಿ ಅದು ಬೆಂಗಳೂರಿನ ಆಕಾಶಕ್ಕೆ ಏರಿತು. ನೋಡುವುದಕ್ಕೆ ಆಡಂಬರವಿಲ್ಲದ ಯಂತ್ರ: ಲೋಹದ ಮೈ, ಕೆಳಗೆ ಜೋಡಿಸಿದ ಒಂದೇ ಜೊತೆ ರೆಕ್ಕೆ, ಒಂದರ ಹಿಂದೊಂದು ಎರಡು ಆಸನ, ೧೫೫ ಅಶ್ವಶಕ್ತಿಯ ಎಂಜಿನು. ಗುರುವಿನ ಕೈಯಲ್ಲಿಯೂ ಶಿಷ್ಯನ ಕೈಯಲ್ಲಿಯೂ ಒಂದೊಂದು ಚಾಲನದಂಡ. ಶಿಷ್ಯನ ಕೈ ತಪ್ಪಿದರೆ ಗುರುವಿನ ಕೈ ತಡೆಯುತ್ತದೆ. ಬಟ್ಟೆ ಹೊದಿಸಿದ ಜೋಡಿರೆಕ್ಕೆಯ ಟೈಗರ್ ಮಾತ್ ವಿಮಾನಗಳ ಸ್ಥಾನವನ್ನು ಇದು ತುಂಬಿತು. ನೂರೈವತ್ತಕ್ಕೂ ಹೆಚ್ಚು ಎಚ್‌ಟಿ-೨ಗಳು ತಯಾರಾದವು. ಕೆಲವು ದೂರದ ಘಾನಾ ದೇಶದ ವಾಯುಪಡೆಗೂ ಹೋದವು. ನಮ್ಮ ವಾಯುಪಡೆಯ ಎಷ್ಟೋ ಚಾಲಕರ ಅಕ್ಷರಾಭ್ಯಾಸ ಈ ವಿಮಾನದಲ್ಲೇ ಆಯಿತು.

ಮುಂದೆ ೧೯೫೮ರಲ್ಲಿ ಹಾರಿದ ಪುಷ್ಪಕ ವೈಮಾನಿಕ ಸಂಘಗಳಿಗೆಂದೇ ಹುಟ್ಟಿದ್ದು. ಎರಡು ಆಸನ, ೯೦ ಅಶ್ವಶಕ್ತಿ, ರೆಕ್ಕೆ ಮೇಲ್ಗಡೆ. ಕುಬೇರನ ಪುಷ್ಪಕದಂತೆ ಮನೋವೇಗದ್ದಲ್ಲ. ಆದರೆ ಬಡದೇಶದ ತರುಣನಿಗೆ ಕೈಗೆಟುಕುವಂಥದು. ಬೆಂಗಳೂರಿನ ಜಕ್ಕೂರು ಮೈದಾನದಿಂದಲೂ ಪುಷ್ಪಕಗಳು ಹಾರಿದವು. ೧೯೬೪ರಲ್ಲಿ ಕಿರಣ್ ಎಂಬ ಜೆಟ್ ತರಬೇತಿ ವಿಮಾನ ಮೇಲೇರಿತು. ೧೯೬೫ರಲ್ಲಿ ಸರ್ಕಾರ ಘಾಟಗೆಯವರಿಗೆ ಪದ್ಮಶ್ರೀ ಪ್ರಶಸ್ತಿಯನ್ನಿತ್ತು ಗೌರವಿಸಿತು.

ಇಷ್ಟಾದರೂ ಅಪಘಾತಗಳು ನಿಂತವೆಂದು ಯಾರೂ ಹೇಳಲಾರರು. ಎಚ್‌ಟಿ-೨ ಕೂಡ ಅವುಗಳಿಗೆ ಹೊರತಾಗಿರಲಿಲ್ಲ. ರೆಕ್ಕೆ ಸೋತ ವಿಮಾನವನ್ನು ಸರಿಪಡಿಸುವ ವಿಧಾನವೇನೋ ಸರಳ: ಮೂತಿಯನ್ನು ತಗ್ಗಿಸಬೇಕು, ವೇಗ ಕೂಡಿಕೊಳ್ಳಲು ಬಿಡಬೇಕು. ನೆಲವು ಮೇಲೆದ್ದು ಬರುತ್ತಿರುವಂತೆ ಕಾಣುವಾಗ ಅದರ ಕಡೆಗೇ ಮೂತಿಯನ್ನು ತಿರುಗಿಸುವುದಕ್ಕೆ ಮನಸ್ಸು ಒಪ್ಪುವುದಿಲ್ಲ. ಕೈ ತಾನಾಗಿಯೇ ದಂಡವನ್ನು ಹಿಂದಕ್ಕೆಳೆಯುತ್ತದೆ. ತರಬೇತಿಯೆಂದರೆ ಈ ಸಹಜ ಭಯವನ್ನು ಗೆಲ್ಲುವ ಅಭ್ಯಾಸ. ಅದಕ್ಕೂ ಕೆಳಗೆ ಸಾಕಷ್ಟು ಆಕಾಶ ಉಳಿದಿರಬೇಕು. ಆದ್ದರಿಂದಲೇ ಏರುವಾಗ ಮತ್ತು ಇಳಿಯುವಾಗ ಸಣ್ಣ ವಿಮಾನಕ್ಕೆ ಗಂಡಾಂತರ ಹೆಚ್ಚು. ೨೦೦೪ರ ಏಪ್ರಿಲ್ ೧೭ರಂದು ಜಕ್ಕೂರಿನಿಂದ ಹೊರಟ ಪುಟ್ಟ ಸೆಸ್ನಾ ವಿಮಾನ ಸ್ವಲ್ಪ ಹೊತ್ತಿನಲ್ಲೇ ನೆಲಕ್ಕಪ್ಪಳಿಸಿ, ನಟಿ ಸೌಂದರ್ಯ ಸೇರಿ ನಾಲ್ವರು ತೀರಿಕೊಂಡದ್ದನ್ನು ಕನ್ನಡ ನಾಡು ಮರೆತಿಲ್ಲ.

ಘಾಟಗೆಯವರು ೧೯೯೧ರ ಡಿಸೆಂಬರ್ ೬ರಂದು ನಿಧನರಾದರು. ಅವರ ಎಚ್‌ಟಿ-೨ರ ತರುವಾಯ ವಾಯುಪಡೆಯಲ್ಲಿ ಪ್ರಾಥಮಿಕ ಶಿಕ್ಷಣಕ್ಕೆ ನಿಂತ ದೀಪಕ್ ವಿಮಾನಗಳು ಎಂಜಿನಿನ ತೊಡಕಿಗೆ ಸಿಕ್ಕಿ ಹಲವರನ್ನು ಬಲಿತೆಗೆದುಕೊಂಡವು. ೨೦೦೯ರ ಜುಲೈನಲ್ಲಿ ಇಬ್ಬರು ಚಾಲಕರು ಮಡಿದ ಮೇಲೆ ಅವುಗಳ ಹಾರಾಟವನ್ನು ನಿಲ್ಲಿಸಬೇಕಾಯಿತು. ಅದೇ ಬೆಂಗಳೂರಿನಲ್ಲಿ ೨೦೧೬ರ ಮೇ ೩೧ರಂದು ಎಚ್‌ಟಿಟಿ-೪೦ ಎಂಬ ಹೊಸ ತರಬೇತಿ ವಿಮಾನ ಹಾರಿದಾಗ, ಅದರ ಮುಂದೆಯೂ ಇದ್ದದ್ದು ಆ ಹಳೆಯ ಪರೀಕ್ಷೆಯೇ: ಬೇಕೆಂದೇ ಸ್ಪಿನ್ನಿಗೆ ಬಿದ್ದು, ಬಿದ್ದಲ್ಲಿಂದ ಎದ್ದು ಬರುವುದು.

ಯುದ್ಧವಿಮಾನದ ವೇಗವನ್ನೂ ಗರ್ಜನೆಯನ್ನೂ ಲೋಕ ಬೇಗನೆ ಕೊಂಡಾಡುತ್ತದೆ. ನಿಧಾನವಾಗಿ ಹಾರುವ ಕಲಿಕೆಯ ವಿಮಾನದತ್ತ ಕತ್ತೆತ್ತಿ ನೋಡುವವರು ವಿರಳ. ಅದು ಉಳಿಸಿದ ಜೀವಗಳ ಲೆಕ್ಕ ಯಾವ ದಫ್ತರದಲ್ಲಿಯೂ ಸಿಗುವುದಿಲ್ಲ. ಬಿದ್ದದ್ದಕ್ಕೆ ವಿಚಾರಣೆಯುಂಟು, ಬೀಳದೆ ಇಳಿದದ್ದಕ್ಕೆ ಇಲ್ಲ. ತರುಣನೊಬ್ಬ ಆಕಾಶದಲ್ಲಿ ತಪ್ಪಿ, ತಿದ್ದಿಕೊಂಡು, ಸಂಜೆಗೆ ಕ್ಷೇಮವಾಗಿ ಮನೆ ಸೇರಿದನೆಂದರೆ ಘಾಟಗೆಯವರಂಥ ಶಿಲ್ಪಿಯ ವಿದ್ಯೆ ಸಾರ್ಥಕವಾಯಿತು.